ಆರು ದಿನದ ವಾರ

ಫೆಬ್ರುವರಿ 8, ಬುಧವಾರ

ಕ್ವಾನ್ಸಾ ಮೇಡಂ ಇವತ್ತು ಹಾಜರಿ ಕೂಡ ಕೂಗದೆ ಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆದರು: ಬಿಡುವು ಎಂದರೇನು? ಹಿಂದಿನ ಬೆಂಚಿನವರು ಕಿಸಕ್ಕೆಂದರು. ವಿಹಾರ, ಉದ್ಯಾನ ಮತ್ತು ಪ್ರವಾಸೋದ್ಯಮ ನಿರ್ವಹಣೆ ಎನ್ನುವ ಮಾರುದ್ದದ ಪದವಿಗೆ ನಾಲ್ಕನೇ ವರ್ಷ ಮಣ್ಣು ಹೊರುತ್ತಿರುವವರಿಗೆ ಕೇಳುವ ಪ್ರಶ್ನೆಯೇ ಇದು?

ಫೀಫಿ ಎದ್ದು ನಿಂತು, "ಕೆಲಸ ಇಲ್ಲದೆ ಇರೋದು ಮೇಡಂ" ಅಂದ.

"ಅದು ನಿರುದ್ಯೋಗ. ಕೂತ್ಕೊ. ಪಾಸಾದ್ಮೇಲೆ ಅದರ ಬಗ್ಗೆ ನಿಂಗೇ ಚೆನ್ನಾಗಿ ಗೊತ್ತಾಗುತ್ತೆ," ಅಂದರು ಮೇಡಂ.

ಕ್ಲಾಸು ಮುಗಿದ ಮೇಲೆ ನನ್ನನ್ನೂ ಫೀಫಿಯನ್ನೂ ಕರೆದರು. ನಮ್ಮೂರು ಎಸಿಯಾನೊದ ಪುರಸಭೆಯವರು ಕಡಲ ದಂಡೆಯಲ್ಲಿ ಒಂದು ಉದ್ಯಾನ ಮಾಡುತ್ತಾರಂತೆ. ಊರಿನ ಪೂರ್ವದ ತುದಿಯಲ್ಲಿ, ಕಾಡುಬಾದಾಮಿ ಮರಗಳಿರುವ ಮರಳಿನ ಬಯಲು. ಆ ಜಾಗವನ್ನು ಈಗ ಯಾರು, ಯಾವಾಗ, ಯಾತಕ್ಕೆ ಬಳಸುತ್ತಾರೆ ಎಂದು ನೋಡಿ ವರದಿ ಕೊಡಬೇಕು, ನಕ್ಷೆಯನ್ನೂ ಬರೆಯಬೇಕು. ನಾವಿಬ್ಬರೂ ಆ ಊರಿನವರೇ ಆದ್ದರಿಂದ ಕೊನೆಯ ವರ್ಷದ ಯೋಜನೆಯಾಗಿ ನಮಗೇ ಕೊಟ್ಟಿದ್ದಾರೆ. ಉದ್ಯಾನ ಎದ್ದ ಮೇಲೆ ಅದಕ್ಕೊಬ್ಬ ಮೇಲ್ವಿಚಾರಕಿ ಬೇಕಾಗುತ್ತದೆ, ಊರಿನ ಹುಡುಗಿಯಾದರೆ ಒಳ್ಳೆಯದು ಎಂದು ಅಧ್ಯಕ್ಷ ಒಟೂ ಅವರು ಹೇಳಿದ್ದಾರಂತೆ. ಮೇಡಂ ಹಾಗೆ ಹೇಳುವಾಗ ನನ್ನನ್ನೇ ನೋಡಿದರು, ಫೀಫಿಯನ್ನಲ್ಲ.

ನನಗೆ ಸಂತೋಷ ತಡೆಯಲಾಗುತ್ತಿಲ್ಲ. ಇದುವರೆಗೆ ಬರೆದ ಉದ್ಯಾನಗಳೆಲ್ಲ ಕಾಗದದ ಮೇಲೆಯೇ ಉಳಿದಿವೆ. ಇದೊಂದು ನೆಲದ ಮೇಲೆ ಏಳುತ್ತದೆ.

ಫೆಬ್ರುವರಿ 11, ಶನಿವಾರ

ಕಿಕ್ಕಿರಿದ ಟ್ರೋಟ್ರೋ ವ್ಯಾನಿನಲ್ಲಿ ಒಬ್ಬ ಹೆಂಗಸಿನ ಟೊಮೆಟೊ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ. ಮೇಡಂ ಕೇಳಿದ ಪ್ರಶ್ನೆಯನ್ನು ಮನೆಯವರಿಗೆ ಕೇಳಿ ಬರಬೇಕಿತ್ತು.

ಅಮ್ಮ ಹೊಗೆಗೂಡಿನ ಮುಂದೆ ಕೂತು ಮೀನು ತಿರುವಿ ಹಾಕುತ್ತಿದ್ದಳು. "ಬಿಡುವಾ? ನೀನು ಹುಟ್ಟಿದಾಗ ನಾಲ್ಕು ದಿನ ಮಲಗಿದ್ದೆ ನೋಡು, ಅದೇ," ಅಂದಳು. ಆಮೇಲೆ ಕಣ್ಣೊರೆಸಿಕೊಂಡು, "ಅಲ್ಲ ಕಣೇ ಅರಬಾ, ನೀನು ಓದ್ತಿರೋದು ಏನು ಅಂತ ಪಕ್ಕದ ಮನೆಯವಳು ಕೇಳಿದ್ಲು. ಜನರಿಗೆ ಸುಮ್ನೆ ಕೂರೋದು ಹೇಗೆ ಅಂತ ಹೇಳಿಕೊಡೋ ಓದು ಅಂದೆ. ಸರಿ ತಾನೆ?"

"ಸರಿ ಅಲ್ಲಮ್ಮ."

"ಹಾಗಾದ್ರೆ ನೀನೇ ಹೋಗಿ ಹೇಳ್ಕೊ."

ಕೊಬಿನಾ ಮಾವ ಬಂದರು. ಅಮ್ಮನ ಒಡಹುಟ್ಟಿದ ಅಣ್ಣ, ಮೀನು ದೋಣಿ ನಡೆಸುವ ತಾಂಡೇಲ. ಅಪ್ಪ ಹೋದ ಮೇಲೆ ನನ್ನ ಓದಿನಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲ ನೋಡಿಕೊಂಡವರು. ನಾನು ಹುಟ್ಟಿದ್ದೂ ಅವರು ಹುಟ್ಟಿದ್ದೂ ಮಂಗಳವಾರ. ನಮ್ಮಲ್ಲಿ ಹುಟ್ಟಿದ ವಾರದ ಮೇಲೆ ಹೆಸರಿಡುತ್ತಾರೆ, ಅದಕ್ಕೇ ನಾನು ಅರಬಾ, ಅವರು ಕೊಬಿನಾ. ಇಬ್ಬರದ್ದೂ ಒಂದೇ ಮೂಗು, ಒಂದೇ ಹಟ ಎಂದು ಅಮ್ಮ ಬೈಯುವಾಗ ಇಬ್ಬರನ್ನೂ ಸೇರಿಸಿಯೇ ಬೈಯುತ್ತಾಳೆ.

"ಮಾವ, ನಿಮಗೆ ಬಿಡುವು ಅಂದ್ರೆ ಏನು?"

ಮಾವ ಮೆಕ್ಕೆಜೋಳದ ಕಡುಬು ಕೆಂಕಿಯ ಮೇಲಿನ ಬಾಳೆಲೆ ಬಿಚ್ಚಿದರು. "ಮಂಗಳವಾರ ಬಾ, ಹೇಳ್ತೀನಿ."

ಮಂಗಳವಾರ ಕಡಲಿನ ದಿನ. ಅವತ್ತು ಯಾರೂ ದೋಣಿ ಇಳಿಸುವುದಿಲ್ಲ. ಆದರೆ ನನಗೆ ಅವತ್ತು ಉದ್ಯಾನ ಕಾನೂನಿನ ಪಾಠ, ಸಂಜೆಯವರೆಗೂ. ಈಗಲೇ ಹೇಳಿ ಎಂದೆ. ಬಾಯಿ ತುಂಬಿದೆ ಎಂದು ಕೈಸನ್ನೆ ಮಾಡಿದರು.

ಫೆಬ್ರುವರಿ 16, ಗುರುವಾರ

ಎಣಿಕೆ ಶುರು. ಹಬ್ಬ, ಸಾವು, ರಜೆಯಂಥ ವಿಶೇಷ ದಿನಗಳನ್ನು ಬಿಡಬೇಕು, ಮಾಮೂಲಿ ದಿನಗಳನ್ನಷ್ಟೇ ನೋಡಬೇಕು ಎಂಬುದು ಮೇಡಂ ಹಾಕಿಕೊಟ್ಟ ನಿಯಮ. ಫೀಫಿ ಅಳತೆಪಟ್ಟಿ ಇಟ್ಟು ಚೆಂದವಾಗಿ ಖಾನೆ ಎಳೆದ: ಬುಧ, ಗುರು, ಶುಕ್ರ, ಶನಿ, ಭಾನು, ಸೋಮ. ವಾರವನ್ನು ಇಬ್ಬರೂ ಹಂಚಿಕೊಂಡೆವು. ಪಾಠ ಇಲ್ಲದ ಹೊತ್ತಿನಲ್ಲಿ ಒಬ್ಬರಾದರೂ ಇಲ್ಲಿರುತ್ತೇವೆ. ವಾರವೆಲ್ಲ ಕೈಗೆ ಸಿಕ್ಕಿತು.

ಬಯಲಿನಲ್ಲಿ ನರಪಿಳ್ಳೆ ಇಲ್ಲ. ದೋಣಿಗಳೆಲ್ಲ ಬಂದು ನಿಲ್ಲುವುದು ಪಶ್ಚಿಮದ ಕಟ್ಟೆಯ ಹತ್ತಿರ. ನಾನು ಚಿಕ್ಕವಳಿದ್ದಾಗ ಅಲ್ಲೂ ಮರಳಿತ್ತು. ನಾನು ಓದಿಗೆಂದು ಊರು ಬಿಟ್ಟ ವರ್ಷ, ಕಡಲು ಊರನ್ನು ತಿನ್ನುತ್ತದೆಂದು ಸರ್ಕಾರದವರು ಬಂಡೆ ತಂದು ಸುರಿದ ಮೇಲೆ ಈಗ ದೋಣಿ ನಿಲ್ಲುವಷ್ಟೇ ಜಾಗ ಉಳಿದಿದೆ. ಈ ಪೂರ್ವದ ಬಯಲು ಮಾತ್ರ ಹಾಗೇ ಇದೆ. ಆರು ಮರ, ಒಳ್ಳೆಯ ನೆರಳು, ಮೆದು ಮರಳು. ಎಷ್ಟು ಚೆಂದದ ಜಾಗ ಸುಮ್ಮನೆ ಬಿದ್ದಿದೆ.

ಒಂದು ವಿಷಯ ವಿಚಿತ್ರವಾಗಿದೆ. ಮರದ ಬುಡದಲ್ಲಿ ನೀಲಿ, ಹಸಿರು ನೈಲಾನ್ ದಾರದ ತುಂಡುಗಳು ರಾಶಿ ಬಿದ್ದಿವೆ. ಬಾಟಲಿ ಮುಚ್ಚಳಗಳಿವೆ, ಕೆಲವು ಅಂಗಾತ, ಕೆಲವು ಬೋರಲು. ಚಪ್ಪಟೆ ಕಲ್ಲುಗಳನ್ನು ಯಾರೋ ಸುತ್ತಲೂ ಜೋಡಿಸಿದ್ದಾರೆ. ಒಂದು ಮರದ ಕಾಂಡವಂತೂ ಬೆನ್ನಿನ ಎತ್ತರಕ್ಕೆ ಸರಿಯಾಗಿ ನುಣ್ಣಗಾಗಿದೆ.

"ಕಸದ ಡಬ್ಬಿ ಎರಡು," ಎಂದು ಫೀಫಿ ನಕ್ಷೆಯ ಮೂಲೆಯಲ್ಲಿ ಬರೆದುಕೊಂಡ.

ಫೆಬ್ರುವರಿ 26, ಭಾನುವಾರ

ಶೂನ್ಯ. ಒಂದು ಮೇಕೆ. ಅದೂ ನಮ್ಮನ್ನು ನೋಡಿ ಹೋಯಿತು.

ಭಾನುವಾರವಾದರೂ ಜನ ಬರುತ್ತಾರೆಂದುಕೊಂಡಿದ್ದೆ. ಎಲ್ಲರೂ ಚರ್ಚಿನಲ್ಲಿ. ಅಲ್ಲಿಂದ ಎದ್ದವರು ನಿನ್ನೆ ಮಣ್ಣಾದವರ ಮನೆಯ ಊಟಕ್ಕೆ ಹೋದರು. ನಮ್ಮೂರಿನವರಿಗೆ ಕೂತುಕೊಳ್ಳುವುದು ಗೊತ್ತೇ ಇಲ್ಲ ಅನ್ನಿಸುತ್ತದೆ. ಇವರಿಗೆ ಉದ್ಯಾನ ಎಷ್ಟು ಬೇಕಾಗಿದೆ.

ಆದರೆ ಆ ಮುಚ್ಚಳಗಳ ಸಂಗತಿ ಬಿಡುತ್ತಿಲ್ಲ. ಸೋಮವಾರ ಸಂಜೆ ನಾನೇ ಅವನ್ನು ಹೆಕ್ಕಿ ಗುಡ್ಡೆ ಹಾಕಿದ್ದೆ. ಬುಧವಾರ ಬಂದು ನೋಡಿದರೆ ಮತ್ತೆ ಹರಡಿವೆ. ದಾರದ ತುಂಡುಗಳೂ ಹೊಸವು, ಬಣ್ಣ ಇನ್ನೂ ಮಾಸಿಲ್ಲ. ಫೀಫಿಯನ್ನು ಕೇಳಿದರೆ, "ರಾತ್ರಿ ಹೊತ್ತು ಯಾರೋ ಬರ್ತಾರೆ ಕಣೇ. ಪ್ರೇಮಿಗಳಿರಬೇಕು," ಅಂದ.

"ಪ್ರೇಮಿಗಳು ದಾರ ಯಾಕೆ ಕತ್ತರಿಸ್ತಾರೆ?"

"ನಿಂಗೆ ಅದರ ಅನುಭವ ಇಲ್ಲ, ಬಿಡು."

ದೀಪದ ಕಂಬ ನಾಲ್ಕು ಎಂದು ನಕ್ಷೆಗೆ ಸೇರಿಸಿದೆವು.

ಮಾರ್ಚ್ 3, ಶುಕ್ರವಾರ

ಮಾವನನ್ನು ಕೇಳಿದೆ, ಬಾದಾಮಿ ಮರದ ಬಯಲಿಗೆ ರಾತ್ರಿ ಯಾರು ಬರುತ್ತಾರೆ ಎಂದು.

"ರಾತ್ರಿ ನಾನು ಕಡಲಲ್ಲಿರ್ತೀನಿ. ದಡದ ಮೇಲೆ ಯಾರು ಕುಣೀತಾರೋ ನಂಗೇನು ಗೊತ್ತು?" ಅಂದರು. ಹೊಸ ಬಲೆಯ ಬೆಂಡುಗಳನ್ನು ಒಂದೊಂದಾಗಿ ಅಮುಕಿ ನೋಡುತ್ತಿದ್ದರು. "ಓದು ಹೇಗೆ ನಡೀತಿದೆ?"

"ಚೆನ್ನಾಗಿದೆ ಮಾವ. ಬಿಡುವು ಅಂದ್ರೆ ಏನು ಅಂತ ನೀವಿನ್ನೂ ಹೇಳಿಲ್ಲ."

"ಮಂಗಳವಾರ ಬಾ ಅಂದ್ನಲ್ಲ."

"ಮಂಗಳವಾರ ಪಾಠ ಇರುತ್ತೆ."

"ಬಿಡುವಿನ ಬಗ್ಗೆ ಓದೋಕೆ ಬಿಡುವಿಲ್ಲ ನಿಂಗೆ," ಎಂದು ನಕ್ಕು ಎದ್ದು ಹೋದರು. ನನಗೆ ಸ್ವಲ್ಪ ಸಿಟ್ಟು ಬಂತು. ನಾನು ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳುತ್ತೇನೆ, ಇವರಿಗೆ ಎಲ್ಲವೂ ಹುಡುಗಾಟ.

ಮಾರ್ಚ್ 13, ಸೋಮವಾರ

ನಕ್ಷೆ ಮುಗಿಯಿತು. ಎರಡು ರಾತ್ರಿ ಕಣ್ಣು ಮುಚ್ಚಿಲ್ಲ. ನಡುವೆ ಅರ್ಧಚಂದ್ರಾಕಾರದಲ್ಲಿ ಸಿಮೆಂಟಿನ ಬೆಂಚುಗಳು, ಮಕ್ಕಳಿಗೆ ಉಯ್ಯಾಲೆ, ಮೇಕೆ ನುಗ್ಗದಂತೆ ಸುತ್ತ ಬೇಲಿ, ಕಮಾನಿನ ಗೇಟು. ಅಮ್ಮನಿಗೆ ತೋರಿಸಿದೆ. ಹೊಗೆ ಹಿಡಿದ ಬೆರಳು ತಾಗದಂತೆ ಕೈ ಹಿಂದಿಟ್ಟುಕೊಂಡು ಬಗ್ಗಿ ನೋಡಿದಳು.

"ಚೆನ್ನಾಗಿದೆ. ಈ ಜನ ಯಾರು?"

ಅಳತೆ ತಿಳಿಯಲೆಂದು ಬೆಂಚಿನ ಮೇಲೆ ಪುಟ್ಟ ಪುಟ್ಟ ಮನುಷ್ಯರನ್ನು ಬರೆದಿದ್ದೆ. ಯಾರೂ ಅಲ್ಲ, ಸುಮ್ಮನೆ ಜನ ಎಂದೆ.

"ಒಬ್ಬರೂ ನಮ್ಮ ಕಡೆಯವರ ಥರ ಕಾಣಲ್ಲ," ಎಂದು ಮತ್ತೆ ಮೀನಿನ ಹತ್ತಿರ ಹೋದಳು.

ಮಾರ್ಚ್ 24, ಶುಕ್ರವಾರ

ಗೆದ್ದೆ! ಪುರಸಭೆಯಲ್ಲಿ ವರದಿ ಓದಿದೆವು. ಅಷ್ಟು ವಾರ ನೋಡಿದರೂ ಜಾಗ ಬಳಕೆಯಲ್ಲಿಲ್ಲ ಎಂದು ಫೀಫಿ ಹೇಳಿದ, ನಕ್ಷೆ ನಾನು ವಿವರಿಸಿದೆ. ಅಧ್ಯಕ್ಷ ಒಟೂ ಅವರು ವರದಿಯನ್ನು ಪುಟ ಪುಟವಾಗಿ ತಿರುವಿ ನೋಡಿ, ಬಿಡಿಸಿದ ಖಾನೆಗಳು ಬಹಳ ಅಚ್ಚುಕಟ್ಟಾಗಿವೆ ಎಂದು ಹೊಗಳಿದರು. ಒಂದೂ ಪ್ರಶ್ನೆ ಬರಲಿಲ್ಲ. ಈಸ್ಟರಿಗೆ ಮೊದಲೇ ಗುರುತಿನ ಗೂಟ ನೆಟ್ಟು, ಮೀನುಗಾರರ ಹಿರಿಯರಾದ ಕಡಲ ಯಜಮಾನರಿಂದ ಶಾಸ್ತ್ರಕ್ಕೆ ನೆಲಕ್ಕೆ ಮದ್ಯ ಎರೆಸಿ, ಟೇಪು ಕತ್ತರಿಸೋಣ ಅಂದರು.

"ಮಂಗಳವಾರ ಇಟ್ಕೊಳ್ಳೋಣ. ಮೀನುಗಾರರು ಊರಲ್ಲಿರ್ತಾರೆ, ನಾಲ್ಕು ಜನ ಸೇರ್ತಾರೆ," ಎಂಬುದೂ ಅವರದೇ ಯೋಚನೆ.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಪರೀಕ್ಷೆ ಮುಗಿದ ಕೂಡಲೇ ಬಂದು ನೋಡಮ್ಮ ಎಂದರು. ಅದರರ್ಥ ಒಂದೇ. ಅಮ್ಮನಿಗೆ ಹೇಳಿದರೆ ಅವಳು ದೊಡ್ಡ ಮೀನೊಂದನ್ನು ಆರಿಸಿ ಹುರಿದಳು.

ಏಪ್ರಿಲ್ 3, ಸೋಮವಾರ

ಪುರಸಭೆಯವರು ಗೂಟ ನೆಟ್ಟರು. ಎದೆಮಟ್ಟದ, ಒಳ್ಳೆಯ ಗಟ್ಟಿ ಮರದ ಗೂಟಗಳು. ನಡುವೆ ಹಗ್ಗ ಬಿಗಿದರು. ಸಂಜೆ ಹಾಸ್ಟೆಲಿಗೆ ಹೊರಡುವ ಮೊದಲು ಒಬ್ಬಳೇ ಒಳಗೆಲ್ಲ ಅಡ್ಡಾಡಿದೆ. ನಾಳೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ಮೇಡಂ ನಾಳೆಯ ಕಾನೂನಿನ ಪಾಠಕ್ಕೆ ರಜೆ ಕೊಡಿಸಿದ್ದಾರೆ. ಮಾವನಿಗೆ ಏನೂ ಹೇಳಿಲ್ಲ, ನಾಳೆ ನೇರವಾಗಿ ನೋಡಲಿ.

ಏಪ್ರಿಲ್ 4, ಮಂಗಳವಾರ

ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ನಡೆದ ಹಾಗೇ ಬರೆಯುತ್ತೇನೆ.

ನಾನು, ಮೇಡಂ, ಫೀಫಿ ವಿಭಾಗದ ವ್ಯಾನಿನಲ್ಲಿ ಬಂದಿಳಿದೆವು. ತಿರುವಿನಲ್ಲೇ ಗದ್ದಲ ಕೇಳಿಸಿತು. ನಮ್ಮ ಸಮಾರಂಭಕ್ಕೆ ಇಷ್ಟು ಜನ ಬಂದರಲ್ಲಾ ಎಂದು ಹಿಗ್ಗಿದೆ. ಇನ್ನೂ ನಾಲ್ಕು ಹೆಜ್ಜೆ ಹೋದರೆ ಬಯಲು ಕಾಣಿಸಿತು.

ಊರಿಗೆ ಊರೇ ಅಲ್ಲಿತ್ತು. ನಮ್ಮ ಗೂಟದಿಂದ ಗೂಟಕ್ಕೆ, ಹಗ್ಗದಿಂದ ಹಗ್ಗಕ್ಕೆ ನೀಲಿ ಹಸಿರು ಬಲೆಗಳು ಹರಡಿದ್ದವು. ಗಂಡಸರು ನಿಂತುಕೊಂಡೇ ಹರಿದಲ್ಲಿ ಹೆಣೆಯುತ್ತಿದ್ದರು, ಕತ್ತರಿಸಿದ ದಾರ ಮರದ ಬುಡದಲ್ಲಿ ಬೀಳುತ್ತಿತ್ತು. ನುಣ್ಣನೆಯ ಕಾಂಡಕ್ಕೆ ಒಬ್ಬ ಮುದುಕ ಬೆನ್ನು ಕೊಟ್ಟು ಕಣ್ಣು ಮುಚ್ಚಿದ್ದ. ಹುಡುಗಿಯರು ಸಾಲಾಗಿ ಕೂತು ಒಬ್ಬರಿಗೊಬ್ಬರು ಜಡೆ ಹಾಕುತ್ತಿದ್ದರು. ಎದುರಾಳಿಯ ಕಾಯಿ ನುಂಗುವ ದಾಮೆ ಆಟದ ಮಣೆಗಳ ಸುತ್ತ ಜನ ಮುತ್ತಿದ್ದರು. ಕಾಯಿಗಳಿಲ್ಲದವರು ಬಾಟಲಿ ಮುಚ್ಚಳದಲ್ಲೇ ಆಡುತ್ತಿದ್ದರು, ಒಬ್ಬನದು ಅಂಗಾತ, ಇನ್ನೊಬ್ಬನದು ಬೋರಲು. ಚಪ್ಪಟೆ ಕಲ್ಲುಗಳ ಸುತ್ತಿನಲ್ಲಿ ಕಡಲ ಯಜಮಾನರು ಎರಡು ದೋಣಿಯವರ ಜಗಳ ಕೇಳುತ್ತಾ ಕೂತಿದ್ದರು. ಭಾನುವಾರ ರಾತ್ರಿ ಕಡಲಲ್ಲಿ ಅವರ ಬಲೆಗಳು ತೊಡಕಿಕೊಂಡಿದ್ದವಂತೆ, ಸಿಕ್ಕ ಮೀನು ಯಾರದು ಎಂಬುದು ತೀರ್ಮಾನವಾಗಬೇಕಿತ್ತು.

ಅಷ್ಟು ವಾರ ನಾನು ಹೆಕ್ಕಿ ನೋಡಿದ ಒಂದೊಂದು ವಸ್ತುವಿಗೂ ಒಬ್ಬೊಬ್ಬ ಮನುಷ್ಯ ಬಂದು ಅಂಟಿಕೊಂಡಂತಿತ್ತು.

ಮಾವ ನನ್ನನ್ನು ನೋಡಿದರು. "ಅರಬಾ, ಕೊನೆಗೂ ಮಂಗಳವಾರ ಬಂದ್ಯಾ. ಇಲ್ಲಿ ನೋಡು, ಯಾರೋ ಪುಣ್ಯಾತ್ಮರು ಗೂಟ ನೆಟ್ಟು ಹೋಗಿದಾರೆ. ಇಷ್ಟು ವರ್ಷ ಬಲೇನ ಮರಳ ಮೇಲೆ ಹಾಸಿ, ಬಗ್ಗಿ ಬಗ್ಗಿ ಸೊಂಟ ಬಿದ್ದೇಹೋಗಿತ್ತು. ಯಾರಿಗೆ ಬಂತೋ ಈ ಬುದ್ಧಿ."

ಫೀಫಿ ಹಲ್ಲು ಕಿರಿದು, "ಇವಳಿಗೇ ಮಾವ," ಅಂದ. ಅವನಿಗೆ ಇನ್ನೂ ಏನೂ ಹೊಳೆದಿರಲಿಲ್ಲ.

ಮಾವನ ಮುಖ ಅರಳಿದ್ದನ್ನು ನಾನು ಮರೆಯಲಾರೆ. ದೋಣಿಯವರ ಕಡೆ ತಿರುಗಿ ಜೋರಾಗಿ ಹೇಳಿದರು: "ಕೇಳಿದ್ರೇನ್ರೋ? ನನ್ನ ತಂಗಿ ಮಗಳು ನಮಗೋಸ್ಕರ ನೆಡಿಸಿದ್ದಂತೆ. ಯೂನಿವರ್ಸಿಟಿಯಲ್ಲಿ ಏನು ಓದ್ತಾಳೆ ಅಂತ ಆಡ್ಕೊಳ್ತಿದ್ರಲ್ಲ, ಈಗ ನೋಡ್ಕೊಳ್ಳಿ." ಒಬ್ಬೊಬ್ಬರೇ ಬಂದು ತಲೆ ಸವರಿದರು. ಒಬ್ಬ ಮುದುಕ, "ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ" ಅಂದ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಅಷ್ಟರಲ್ಲಿ ಅಧ್ಯಕ್ಷರು ಟೇಪು, ಕತ್ತರಿ, ಪ್ಲಾಸ್ಟಿಕ್ ಕುರ್ಚಿಗಳ ಸಮೇತ ಬಂದಿಳಿದರು. ಬಲೆಗಳನ್ನು ನೋಡಿ, "ಒಂದರ್ಧ ಗಂಟೆ ತೆಗೀರಪ್ಪ ಇವನ್ನ" ಅಂದರು. ಯಾರೂ ಕದಲಲಿಲ್ಲ. ಯಜಮಾನರು ನ್ಯಾಯ ಕೇಳುವಾಗ ನಡುವೆ ಮಾತಾಡುವುದು ನಮ್ಮಲ್ಲಿ ಇಲ್ಲ, ಅಧ್ಯಕ್ಷರಾದರೂ ಸರಿ. ಕಾಯಬೇಕಾಯಿತು. ನಿಂತೇ ಇದ್ದ ಅಧ್ಯಕ್ಷರನ್ನು ಮಾವ ದಾಮೆ ಮಣೆಯ ಮುಂದೆ ಕೂರಿಸಿಕೊಂಡರು.

"ಅಧ್ಯಕ್ಷರೇ, ಓಟು ಎಣಿಸಿದ ಹಾಗಲ್ಲ ಇದು, ಕಾಯಿ ನಡೆಸಿ," ಅಂದರು ಮಾವ. ಸುತ್ತ ನಿಂತವರು, "ಇವರಿಗೆ ಮುಂದೆ ಹೋಗೋದು ಗೊತ್ತಿಲ್ಲ, ಬರೀ ಭರವಸೆ ಕೊಡೋದು ಗೊತ್ತು" ಎಂದು ಸೇರಿಸಿದರು. ಅಧ್ಯಕ್ಷರು ಎರಡು ಆಟ ಸೋತು ಮೂರನೆಯದಕ್ಕೆ ಅಂಗಿಯ ತೋಳು ಮಡಚಿದರು. ಟೇಪು ಅವರ ಜೇಬಿನಿಂದ ಇಣುಕುತ್ತಿತ್ತು.

ನ್ಯಾಯ ಮುಗಿಯಿತು, ಮೀನು ಅರ್ಧ ಅರ್ಧ. ಯಜಮಾನರು ಬಂದವರನ್ನು ಕರೆದು ವಿಷಯ ಕೇಳಿದರು. ಅಧ್ಯಕ್ಷರು ಎದ್ದು ನಿಂತು ಉದ್ಯಾನ, ಬೆಂಚು, ಬೇಲಿ, ಗೇಟು ಎಂದು ಒಂದೊಂದಾಗಿ ಹೇಳಿದರು. ಹೇಳುತ್ತಾ ಹೇಳುತ್ತಾ ಅವರ ದನಿಯೂ ಕುಗ್ಗಿತು. ಬಲೆ ಹೆಣೆಯುವ ಕೈಗಳು ನಿಂತವು.

"ಖಾಲಿ ಜಾಗ ಅಂತ ನಿಮಗೆ ಹೇಳಿದ್ದು ಯಾರು?" ಅಂದರು ಯಜಮಾನರು.

ಅಧ್ಯಕ್ಷರು ಮೇಡಂ ಕಡೆ ನೋಡಿದರು. ಮೇಡಂ ನನ್ನ ಕಡೆ ನೋಡಿದರು.

"ನಾನೇ ತಾತ," ಅಂದೆ. "ಆರು ದಿನವೂ ಬಂದು ನೋಡಿದ್ವಿ. ಯಾರೂ ಇರ್ಲಿಲ್ಲ."

"ಏಳನೇ ದಿನ?"

ಫೀಫಿ ತಾನು ಎಳೆದ ಖಾನೆಗಳನ್ನು ಆಗ ಮೊದಲ ಸಲ ನೋಡಿದವನಂತೆ ನೋಡಿದ. ಮೇಡಂ ಮೆಲ್ಲಗೆ, "ಮಂಗಳವಾರ ಮಾಮೂಲಿ ದಿನ ಅಲ್ವಲ್ಲ..." ಅಂದರು. ಮಂಗಳವಾರ ಬಿಡಿ ಎಂದು ಅವರು ಹೇಳಿರಲಿಲ್ಲ. ಬಿಡೋಣ ಎಂದು ನಾವೂ ಮಾತಾಡಿಕೊಂಡಿರಲಿಲ್ಲ. ಓದಿದ ಅಧ್ಯಕ್ಷರೂ ಕೇಳಲಿಲ್ಲ. ನಾವು ನಾಲ್ಕೂ ಜನ ಈ ಕಡಲಿನ ದಂಡೆಯಲ್ಲೇ ಹುಟ್ಟಿದವರು. ಮಂಗಳವಾರ ಏನೂ ನಡೆಯುವುದಿಲ್ಲ ಎಂಬುದು ನಮಗೆಲ್ಲ ಹುಟ್ಟಿನಿಂದಲೇ ಗೊತ್ತು.

ಯಜಮಾನರಿಗೆ ಸಿಟ್ಟೇ ಬರಲಿಲ್ಲ, ನಕ್ಕರು. "ದೂರದೇಶದವರು ಬಂದಿದ್ರೆ ಪಾಪ ಏಳೂ ದಿನ ಎಣಿಸ್ತಿದ್ರು. ಊರಿನವರಾಗಿದ್ದಕ್ಕೇ ತಪ್ಪಿದ್ರಿ." ಆಮೇಲೆ ಅಧ್ಯಕ್ಷರಿಗೆ, "ಅಲ್ಲಿ ಬಂಡೆ ಹಾಕಿದ್ರಿ, ಇಲ್ಲಿಗೆ ಬಂದ್ವಿ. ಇಲ್ಲಿ ಬೇಲಿ ಹಾಕ್ತೀರ. ಬಲೇನ ಎಲ್ಲಿ ಹಾಸೋಣ, ಕಡಲ ಮೇಲಾ?" ಅಂದರು.

ಅಧ್ಯಕ್ಷರು ಸಭೆ ಕರೆಯುತ್ತೇನೆಂದು ಹೇಳಿ ಹೊರಟರು. ಮದ್ಯದ ಬಾಟಲಿ ಹಾಗೇ ವಾಪಸು ಹೋಯಿತು.

ಮಾವ ನನ್ನ ಜೊತೆ ಮಾತಾಡಲಿಲ್ಲ. ಬಲೆಯನ್ನೂ ಗೂಟದಿಂದ ತೆಗೆಯಲಿಲ್ಲ.

ಏಪ್ರಿಲ್ 6, ಗುರುವಾರ

ಮೇಡಂ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಅಧ್ಯಕ್ಷರು ಫೋನ್ ಮಾಡಿದ್ದರಂತೆ. ಬೇಲಿ ಇರಲಿ, ಮಂಗಳವಾರ ಗೇಟು ತೆಗೆದಿಡೋಣ, ವರದಿಯಲ್ಲಿ ಅದೊಂದು ಸಾಲು ಸೇರಿಸಿಕೊಡಿ, ಉಳಿದದ್ದು ತಾನು ನೋಡಿಕೊಳ್ಳುತ್ತೇನೆ ಎಂದಿದ್ದಾರೆ.

"ನಿನ್ನ ಕೆಲಸವೂ ಉಳಿಯುತ್ತೆ," ಅಂದರು ಮೇಡಂ. "ನಾನು ಹೀಗೆ ಮಾಡು ಅನ್ನಲ್ಲ. ನಂಗೇ ನಾಚಿಕೆಯಾಗಿದೆ. ನಕ್ಷೆ ನಿಂದು. ಆಗುತ್ತೋ ಇಲ್ವೋ ನೀನೇ ನೋಡಿ ಹೇಳು."

ಆಗುತ್ತದೆ ಅನ್ನಿಸಿತು. ಯಾಕಾಗಬಾರದು?

ಏಪ್ರಿಲ್ 9, ಈಸ್ಟರ್ ಭಾನುವಾರ

ಮಾವ ಊಟಕ್ಕೆ ಬರಲಿಲ್ಲ. ಅವರ ತಟ್ಟೆಯನ್ನು ಅಮ್ಮ ಮುಚ್ಚಿಟ್ಟು, ಸಂಜೆ ತೆಗೆದು ಪಕ್ಕದ ಮನೆಗೆ ಕೊಟ್ಟಳು.

ಏಪ್ರಿಲ್ 11, ಮಂಗಳವಾರ

ಪಾಠ ತಪ್ಪಿಸಿ ಬಂದೆ. ಮೊದಲ ಸಲ. ಉದ್ಯಾನ ಕಾನೂನು ಉದ್ಯಾನಕ್ಕಿಂತ ದೊಡ್ಡದೇನಲ್ಲ.

ಬಲೆಯ ಉದ್ದ ಎಷ್ಟು ಎಂದು ನೋಡಲು ಬಂದಿದ್ದೆ. ನಕ್ಷೆಯಲ್ಲಿ ಬೆಂಚುಗಳನ್ನು ಎಡಕ್ಕೆ ಸರಿಸಿದರೆ ದೊಡ್ಡ ಬಲೆಗೆ ಅಡ್ಡ ಬರುತ್ತದೆ. ಬಲಕ್ಕೆ ಸರಿಸಿದರೆ ಹುಡುಗರು ಚೆಂಡಾಡುವ ಜಾಗ ಹೋಗುತ್ತದೆ. ಹಿಂದಕ್ಕೆ ತಳ್ಳಿದರೆ ಯಜಮಾನರ ಕಲ್ಲುಗಳ ಮೇಲೆ ಬರುತ್ತದೆ. ಕಲ್ಲುಗಳನ್ನು ಯಾಕೆ ಅಲ್ಲೇ ಇಟ್ಟಿದ್ದಾರೆ ಎಂದು ಒಬ್ಬ ಮುದುಕನನ್ನು ಕೇಳಿದೆ. ಅಲ್ಲಿ ಕೂತರೆ ಗಾಳಿ ಬೆನ್ನಿಗೆ ಬರುತ್ತದೆ, ಜಗಳ ಆಡುವವರ ಕೂಗು ಊರಿಗೆ ಕೇಳಿಸುವುದಿಲ್ಲ ಅಂದ. ಜಡೆ ಹಾಕುವ ಹುಡುಗಿಯರು ನೆರಳು ಸರಿದಂತೆಲ್ಲ ಮರ ಬದಲಾಯಿಸುತ್ತಾರೆ. ಸಿಮೆಂಟಿನ ಬೆಂಚು ಅವರ ಹಿಂದೆ ನಡೆದು ಹೋಗುವುದಿಲ್ಲ. ಗೇಟಿನೊಳಗೆ ಬಲೆ ಹೊತ್ತ ಹತ್ತು ಜನ ಒಟ್ಟಿಗೆ ಹೇಗೆ ನುಗ್ಗುತ್ತಾರೆ?

ಇವೆಲ್ಲ ಒಂದರೊಳಗೊಂದು ಎಷ್ಟು ಸರಿಯಾಗಿ ಕೂತಿವೆ. ಒಂದನ್ನು ಅಲ್ಲಾಡಿಸಿದರೆ ಎಲ್ಲವೂ ಅಲ್ಲಾಡುತ್ತದೆ. ಇದನ್ನೆಲ್ಲ ಹೀಗೆ ಜೋಡಿಸಿದ್ದು ಯಾರು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಸಂಜೆಯವರೆಗೂ ಕೇಳುತ್ತಲೇ ಇದ್ದೆ. ಒಬ್ಬಳು ನನ್ನ ತಲೆ ಹಿಡಿದು ಕೂರಿಸಿ, "ಕೇಳೋದನ್ನ ಕೇಳ್ಕೊ, ತಲೆ ಮಾತ್ರ ಅಲ್ಲಾಡಿಸ್ಬೇಡ" ಎಂದು ಜಡೆ ಹಾಕಿದಳು. ಅರ್ಧ ತಲೆಯಷ್ಟೇ ಆಯಿತು, ಅಷ್ಟರಲ್ಲಿ ಅವಳ ಗಂಡ ಕರೆದ.

ಮಾವ ದೂರದಲ್ಲಿ ಬಲೆ ಹೆಣೆಯುತ್ತಿದ್ದರು. ಒಂದೆರಡು ಸಲ ನೋಡಿದರು. ಇಬ್ಬರಿಗೂ ಒಂದೇ ಹಟ, ಅಮ್ಮ ಹೇಳುವುದು ಸುಳ್ಳಲ್ಲ.

ಏಪ್ರಿಲ್ 14, ಶುಕ್ರವಾರ

ಆಗುವುದಿಲ್ಲ ಎಂದು ಮೇಡಂಗೆ ಹೇಳಿದೆ. ವರದಿ ವಾಪಸು ತೆಗೆದುಕೊಳ್ಳುತ್ತೇವೆ, ನಕ್ಷೆಯನ್ನೂ.

ಮೇಡಂ ನನ್ನ ಎದುರಿಗೇ ಅಧ್ಯಕ್ಷರಿಗೆ ಫೋನ್ ಮಾಡಿ, ತಪ್ಪು ನನ್ನ ವಿಭಾಗದ್ದು ಎಂದರು. ಆ ಕಡೆಯಿಂದ ಅವರು ಏನಂದರೋ ಕೇಳಿಸಲಿಲ್ಲ. ಬಹಳ ಹೊತ್ತು ಏನೋ ಹೇಳುತ್ತಲೇ ಇದ್ದರು. ನಾವು ವಾಪಸು ಪಡೆದ ಮೇಲೆ ಪುರಸಭೆಯ ಕೈಯಲ್ಲಿ ಕಾಗದವೇ ಇಲ್ಲ, ಆದ್ದರಿಂದ ಉದ್ಯಾನ ಇಲ್ಲ. ಮೇಲ್ವಿಚಾರಕಿಯೂ ಇಲ್ಲ. ನಮ್ಮಿಬ್ಬರ ಯೋಜನೆ ಹೊಸದಾಗಿ ಶುರುವಾಗಬೇಕು, ಈ ಸಲದ ಪದವಿ ಪ್ರದಾನಕ್ಕೆ ನಾವಿರುವುದಿಲ್ಲ.

ಫೀಫಿಗೆ ಹೇಳುವುದೇ ಕಷ್ಟವಾಗಿತ್ತು. ಅವನು, "ಹಾಗಾದ್ರೆ ಏಳು ಖಾನೆ ಎಳೀಲಾ?" ಅಂದ. ಆಗ ಅಳು ಬಂತು.

ಏಪ್ರಿಲ್ 18, ಮಂಗಳವಾರ

ಎಣಿಸಲು ಹೋದೆ. ಬಯಲು ಮುಟ್ಟುವಾಗ ಅಲ್ಲಿ ದೊಡ್ಡ ವಾಗ್ವಾದ. ಪುರಸಭೆಯ ಇಬ್ಬರು ಗೂಟ ಕೀಳಲು ಬಂದಿದ್ದರು, ಮೀನುಗಾರರು ಬಿಡುತ್ತಿರಲಿಲ್ಲ.

"ಉದ್ಯಾನ ರದ್ದಾಯ್ತು ಕಣ್ರಯ್ಯ. ಇವು ಪುರಸಭೆ ಗೂಟ."

"ಉದ್ಯಾನ ತಗೊಂಡು ಹೋಗಿ, ಬೇಡ ಅಂದೋರ್ಯಾರು? ಗೂಟ ಇರಲಿ."

ಇಬ್ಬರೂ ಹಗ್ಗ ಬಿಚ್ಚಲು ಕೈ ಹಾಕಿದರು. ಅದರ ಮೇಲೆ ಅಷ್ಟೂ ಬಲೆ ಇತ್ತು. ಬಲೆ ಬಿಚ್ಚಿಕೊಡಿ ಎಂದರೆ ಯಾರಿಗೂ ಕೈ ಬಿಡುವಿರಲಿಲ್ಲ. ಕೊನೆಗೆ ಅವರಲ್ಲೊಬ್ಬ ದಾಮೆ ಮಣೆಯ ಹತ್ತಿರ ಹೋಗಿ ನಿಂತವನು ಅಲ್ಲೇ ಕೂತುಬಿಟ್ಟ. ಇನ್ನೊಬ್ಬ ಅವನನ್ನು ಕರೆಯಲು ಹೋದ. ಗೂಟಗಳು ಉಳಿದವು.

ಮಾವ ಬಂದು ನನ್ನ ಪಕ್ಕ ನಿಂತರು. "ನಿಮ್ಮಮ್ಮ ಹೇಳಿದ್ಲು. ಕೆಲಸ ಹೋಯ್ತಂತೆ."

"ಹೂಂ."

"ಪದವೀನೂ ತಡವಂತೆ."

"ಹೂಂ ಮಾವ."

ದಾರದ ಉಂಡೆಯನ್ನು ನನ್ನ ಕೈಗೆ ಕೊಟ್ಟು, "ಇದನ್ನ ಹಿಡ್ಕೊ, ಸಿಕ್ಕಾಗದ ಹಾಗೆ ಬಿಡ್ತಾ ಬಾ" ಅಂದರು. ಸಂಜೆಯವರೆಗೂ ಬಿಡುತ್ತಾ ನಿಂತಿದ್ದೆ. ಎಣಿಕೆ ಅರ್ಧಕ್ಕೇ ನಿಂತಿತು.

ಏಪ್ರಿಲ್ 25, ಮಂಗಳವಾರ

ದೊಡ್ಡ ಬಲೆಯ ಒಂದು ತುದಿ ಇನ್ನೂ ಮರಳ ಮೇಲೇ ಬೀಳುತ್ತದೆ. ಅದಕ್ಕೆ ಇನ್ನೆರಡು ಗೂಟ ಬೇಕಿತ್ತು. ಮಾವ ಎಲ್ಲಿಂದಲೋ ಹಳೆಯ ದೋಣಿಯ ಎರಡು ಅಡ್ಡಮರ ಹೊತ್ತು ತಂದರು. ಎಲ್ಲಿ ನೆಡುವುದೆಂದು ಚರ್ಚೆ ಎದ್ದಿತು. ಒಬ್ಬೊಬ್ಬರದು ಒಂದೊಂದು ಮಾತು, ಕೊನೆಗೆ ಬೈಗುಳಕ್ಕೆ ತಿರುಗಿತು.

"ಸುಮ್ನಿರ್ರೋ. ಇದಕ್ಕೇ ಅಂತ ಓದಿದವಳು ಇಲ್ಲಿದಾಳೆ," ಅಂದರು ಮಾವ. "ಅರಬಾ, ಎಲ್ಲಿ ಹೇಳು."

ಎಲ್ಲರೂ ನನ್ನನ್ನೇ ನೋಡಿದರು. ಪುರಸಭೆಯಲ್ಲಿ ವರದಿ ಓದುವಾಗ ಇಷ್ಟು ಹೆದರಿಕೆ ಆಗಿರಲಿಲ್ಲ. ಗಾಳಿ ಎತ್ತಲಿಂದ ಬರುತ್ತದೆಂದು ನೋಡಿದೆ. ಹುಡುಗಿಯರು ಮಧ್ಯಾಹ್ನ ಕೂರುವ ನೆರಳನ್ನು ಬಿಟ್ಟೆ, ಚೆಂಡು ಬರುವ ದಾರಿಯನ್ನು ಬಿಟ್ಟೆ, ಯಜಮಾನರ ಕಲ್ಲುಗಳಿಂದ ದೂರ ಸರಿದೆ. ಆಮೇಲೆ ಹಿಮ್ಮಡಿಯಿಂದ ಮರಳನ್ನು ಒತ್ತಿ ಒಂದು ಗುಳಿ ಮಾಡಿದೆ, ಇತ್ತ ಬಂದು ಇನ್ನೊಂದು.

ಮಾವ ಕೇಳಿದ್ದು ಒಂದೇ: "ಖಂಡಿತ ತಾನೆ?"

"ಖಂಡಿತ."

ಹೊಡೆದು ಇಳಿಸಿದರು. ಬಲೆ ಎಳೆದು ಬಿಗಿದರು. ಬಲೆ ಎಲ್ಲೂ ನೆಲ ಮುಟ್ಟಲಿಲ್ಲ. ಕಾಂಡಕ್ಕೆ ಒರಗಿದ್ದ ಮುದುಕ ಎಚ್ಚರವಾಗಿ ಎದ್ದು ಬಂದು ಗೂಟವನ್ನು ಅಲ್ಲಾಡಿಸಿ ನೋಡಿ, ಪರವಾಗಿಲ್ಲ ಎಂದು ಮತ್ತೆ ಮರಕ್ಕೆ ಒರಗಿದ. ನನಗೆ ಆದ ಸಂತೋಷವನ್ನು ಇಲ್ಲಿ ಬರೆಯಲು ಬರುವುದಿಲ್ಲ. ನಾನು ನಿರ್ವಹಿಸಿದ ಮೊದಲ ಉದ್ಯಾನ ಅದು, ಎರಡು ಗೂಟದ್ದು.

ಆಮೇಲೆ ಮಾವನ ಜೊತೆ ದಾಮೆಗೆ ಕೂತೆ. ಸಿಕ್ಕಾಪಟ್ಟೆ ಸೋತೆ. "ನಿಂಗೆ ಕಲಿಸಿದ ಮೇಷ್ಟ್ರು ಯಾರು, ನಾನೇ ಬಂದು ಫೀಸು ವಾಪಸು ಕೇಳ್ತೀನಿ" ಎಂದು ಆಡಿಕೊಂಡರು. ಕಾಯಿ ಜೋಡಿಸುವಾಗ ನೆನಪಾಗಿ ಕೇಳಿದೆ: "ಮಾವ, ಮಂಗಳವಾರ ಬಾ ಹೇಳ್ತೀನಿ ಅಂದಿದ್ರಲ್ಲ, ಅದನ್ನ ಹೇಳಲೇ ಇಲ್ಲ."

"ಏನನ್ನ?"

"ಬಿಡುವು ಅಂದ್ರೆ ಏನು ಅಂತ."

"ತಡಿಯೇ, ನಿನ್ನ ಕಾಯಿ ನುಂಗೋದಿದೆ," ಅಂದರು. ಮತ್ತೆ ಸೋತೆ. ಅದರ ಮೇಲೆ ಕೇಳುವುದು ಮರೆತೇಹೋಯಿತು. ಉಳಿದ ಅರ್ಧ ತಲೆಗೂ ಜಡೆ ಬಿತ್ತು. ಬಲೆಯ ನೆರಳಿನಲ್ಲಿ ಮಲಗಿ ಒಂದು ನಿದ್ದೆಯೂ ಆಯಿತು.

ಇವತ್ತೂ ಎಣಿಕೆ ಆಗಲಿಲ್ಲ. ಹಾಳೆ ಮನೆಯಲ್ಲೇ ಉಳಿದಿತ್ತು. ಮೇಡಂ ಬೈಯುತ್ತಾರೆ. ಮುಂದಿನ ಮಂಗಳವಾರ ಮರೆಯದೆ ತೆಗೆದುಕೊಂಡು ಹೋಗಬೇಕು.